ಜಾಂಜಿಬಾರ್‌ಗೆ ಅಪ್ಪ ಅಮ್ಮನ ಜೊತೆ: ಸ್ಟೋನ್ ಟೌನ್‌ನಲ್ಲಿ ಉಳಿಯುವುದಾ, ಬೀಚ್ ಕಡೆಯಾ?

ಅಡಿಕೆಸೋಗೆ

ಎಲ್ಲರಿಗೂ ನಮಸ್ಕಾರ. ಜನವರಿ ಮಧ್ಯದಲ್ಲಿ ತಾಂಜಾನಿಯಾದ ಜಾಂಜಿಬಾರ್ ದ್ವೀಪಕ್ಕೆ ಹೊರಟಿದ್ದೇವೆ. ನಾನು, ಹೆಂಡತಿ, 8 ವರ್ಷದ ಮಗಳು, ಅಪ್ಪ (71), ಅಮ್ಮ (66). ಬೆಂಗಳೂರಿಂದ ಅಡಿಸ್ ಅಬಾಬಾ ಮೇಲೆ ಟಿಕೆಟ್ ಆಗಿದೆ, 7 ರಾತ್ರಿ. ಉಳಿಯುವ ಜಾಗ ಮಾತ್ರ ಇನ್ನೂ ಆಗಿಲ್ಲ. ಎರಡು ವಾರದಿಂದ ಮನೆಯಲ್ಲಿ ಅದೇ ಪಂಚಾಯಿತಿ.

ಅಪ್ಪ ಶಿರಸಿ ಕಡೆ ಹೈಸ್ಕೂಲಲ್ಲಿ ಇತಿಹಾಸ ಹೇಳಿಕೊಟ್ಟವರು. ಅವರಿಗೆ ಸ್ಟೋನ್ ಟೌನ್, ಅಂದರೆ ಅಲ್ಲಿಯ ಹಳೇ ಪಟ್ಟಣ, ಒಂದೇ ಬೇಕು. ಗುಲಾಮರ ಸಂತೆ ನಡೆಯುತ್ತಿದ್ದ ಜಾಗ, ಸುಲ್ತಾನರ ಅರಮನೆ, ಹಳೇ ಕೋಟೆ. "ಸಮುದ್ರ ನೋಡಲಿಕ್ಕೆ ಅಷ್ಟು ದೂರ ಯಾಕೆ, ಗೋಕರ್ಣ ಇಲ್ವಾ" ಅನ್ನುತ್ತಾರೆ. ಹೆಂಡತಿಗೆ ಏಳೂ ರಾತ್ರಿ ಬೀಚ್ ಮೇಲೇ ಬೇಕು, ಎರಡು ವರ್ಷದಿಂದ ಸರಿಯಾಗಿ ರಜೆ ಹಾಕಿಲ್ಲ ಪಾಪ, ಅವಳು ಕೇಳುವುದರಲ್ಲೂ ತಪ್ಪಿಲ್ಲ. ಅಮ್ಮನದು ಒಂದೇ ಮಾತು: "ಮೆಟ್ಟಿಲು ಕಡಿಮೆ ಇರೋ ಕಡೆ ನೋಡು." ಎರಡೂ ಮೊಣಕಾಲು ನೋವು. ಆಪರೇಷನ್ ಆಗಿಲ್ಲ, ಮುಂದೂಡುತ್ತಾ ಇದ್ದಾರೆ.

ಎಷ್ಟು ರಾತ್ರಿ ಎಲ್ಲಿ ಹಾಕುವುದು? ಸ್ಟೋನ್ ಟೌನ್ ಒಳಗೆ ಯಾವ ಏರಿಯಾ? ಬೀಚ್ ಅಂದರೆ ನುಂಗ್ವಿ, ಕೆಂಡ್ವಾ, ಪಾಜೆ, ಜಂಬಿಯಾನಿ ಅಂತ ಹತ್ತು ಹೆಸರು ಬರುತ್ತವೆ, ಫೋಟೋದಲ್ಲಿ ಎಲ್ಲ ಒಂದೇ ಥರ ಕಾಣುತ್ತವೆ. ಅಪ್ಪ ಅಮ್ಮ ಮೊಟ್ಟೆ ಕೂಡ ತಿನ್ನುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಹೋಗಿಬಂದವರು ಹೇಳಿ.

ದಾರ್‌ನಲ್ಲಿರುವ ಕುಡ್ಲದವ

ಸರ್, ನಾನು ದಾರ್ ಎಸ್ ಸಲಾಮ್‌ನಲ್ಲಿ ಕೆಲಸದಲ್ಲಿದ್ದೇನೆ, 9 ವರ್ಷ ಆಯಿತು. ಊರಿಂದ ಯಾರೇ ಬಂದರೂ ಫೆರಿ ಹತ್ತಿಸಿ ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂದಿದೆ. ಇಲ್ಲಿಂದ ಎರಡು ಗಂಟೆ ದಾರಿ ಅಷ್ಟೇ. ಹಾಗಾಗಿ ಲೆಕ್ಕ ಇಲ್ಲದಷ್ಟು ಸಲ ನೋಡಿದ್ದೇನೆ.

ಮೊದಲು 3 ರಾತ್ರಿ ಸ್ಟೋನ್ ಟೌನ್, ಆಮೇಲೆ 4 ರಾತ್ರಿ ಬೀಚ್. ಉಲ್ಟಾ ಮಾಡಬೇಡಿ. ಬೀಚಲ್ಲಿ ನಾಲ್ಕು ದಿನ ಕಾಲು ಚಾಚಿ ಕೂತವರು ಆಮೇಲೆ ಓಣಿ ಓಣಿ ನಡೆಯುವುದಿಲ್ಲ, ಇದು ನಮ್ಮ ಅತ್ತಿಗೆ ಬಂದಾಗ ಕಲಿತ ಪಾಠ.

ಈಗ ಅಮ್ಮನ ಮೊಣಕಾಲಿನ ವಿಷಯ. ಅದೇ ಮುಖ್ಯ. ಸ್ಟೋನ್ ಟೌನ್‌ನ ಹಳೇ ಮನೆಗಳನ್ನು ಕಟ್ಟಿರುವುದು ಹವಳದ ಕಲ್ಲು ಮತ್ತು ಸುಣ್ಣದ ಗಾರೆಯಲ್ಲಿ. ಗೋಡೆ ಇಷ್ಟು ದಪ್ಪ. ಮಹಡಿಗೆ ಹಾಕಿರುವುದು ಕಾಂಡ್ಲಾ ಮರದ ಕಂಬ, ಇಲ್ಲಿ ಬೊರಿಟಿ ಅನ್ನುತ್ತಾರೆ. ಆ ಕಂಬ ಎಷ್ಟು ಉದ್ದ ಸಿಗುತ್ತದೋ ಕೋಣೆ ಅಷ್ಟೇ ಅಗಲ, 3 ಮೀಟರ್ ಆಸುಪಾಸು. ಅದಕ್ಕೇ ಎಲ್ಲ ಹಳೇ ಮನೆಯ ಕೋಣೆಗಳೂ ರೈಲು ಡಬ್ಬಿ ಥರ ಉದ್ದುದ್ದ ಇರುತ್ತವೆ. ಜಾಗ ಇಲ್ಲದ್ದಕ್ಕೆ ಮನೆ ಮೇಲಕ್ಕೆ ಬೆಳೆದಿದೆ, ಮೂರು ನಾಲ್ಕು ಮಹಡಿ. ಮೆಟ್ಟಿಲು ಕಡಿದು, ಎತ್ತರ, ಒಂದೊಂದು ಮೆಟ್ಟಿಲು ಒಂದೊಂದು ಅಳತೆ. ಹೊಟೇಲ್ ಆದ ಮೇಲೂ ಮೆಟ್ಟಿಲು ಅದೇ. ಇದು 2000ದಿಂದ ವಿಶ್ವ ಪರಂಪರೆ ಪಟ್ಟಿಯಲ್ಲಿರುವ ಊರು, ಮನಸ್ಸಿಗೆ ಬಂದ ಹಾಗೆ ಒಡೆದು ಕಟ್ಟುವುದಕ್ಕೆ ಆಗುವುದಿಲ್ಲ. ಲಿಫ್ಟ್ ಇರುವ ಕಡೆ ಕೆಲವು ಮಾತ್ರ, ಅವು ಸ್ವಲ್ಪ ದುಬಾರಿ.

ಇನ್ನೊಂದು, ಓಣಿಯೊಳಗೆ ಕಾರು ಬರುವುದಿಲ್ಲ. ಟ್ಯಾಕ್ಸಿಯವನು ಎಲ್ಲೋ ಒಂದು ಕಡೆ ಇಳಿಸುತ್ತಾನೆ, ಅಲ್ಲಿಂದ ಸೂಟ್‌ಕೇಸ್ ಎಳೆದುಕೊಂಡು ಹೋಗಬೇಕು. ಅದಕ್ಕೇ ನಿಮಗೆ ಶಂಗಾನಿ ಅಥವಾ ಫೊರೊಧಾನಿ ಹತ್ತಿರ ನೋಡಿ. ಸಮುದ್ರದ ಬದಿ, ಕಾರು ಹತ್ತಿರಕ್ಕೆ ಬರುತ್ತದೆ, ನೆಲ ಸಪಾಟು, ಸಂಜೆ ಅಮ್ಮನಿಗೆ ಕೂರಲಿಕ್ಕೆ ಪಾರ್ಕು ಇದೆ. ಹುರುಂಜಿ, ಕಿಪೊಂಡಾ ಕಡೆ ನನಗೆ ಬಹಳ ಇಷ್ಟ, ನಿಜವಾದ ಊರು ಅಂದರೆ ಅದೇ, ಆದರೆ ಮೊಣಕಾಲು ನೋವಿನವರಿಗೆ ಬೇಡ. ಮಲಿಂಡಿ ಬಂದರಿನ ಹತ್ತಿರ, ಕಡಿಮೆ ದುಡ್ಡಿಗೆ ಸಿಗುತ್ತದೆ, ಗದ್ದಲ ಜಾಸ್ತಿ.

ಬುಕ್ ಮಾಡುವ ಮೊದಲು ಹೊಟೇಲಿಗೆ ವಾಟ್ಸಾಪ್ ಮಾಡಿ. ರೂಮಿನ ಫೋಟೋ ಬೇಡ, ಮೆಟ್ಟಿಲಿನ ಫೋಟೋ ಕೇಳಿ. "ಗ್ರೌಂಡ್ ಫ್ಲೋರ್" ಅಂದರೆ ರಸ್ತೆಯಿಂದ ಎಷ್ಟು ಮೆಟ್ಟಿಲು ಅಂತ ಲೆಕ್ಕ ಹಾಕಿ ಹೇಳಲಿಕ್ಕೆ ಹೇಳಿ. ಕರೆಂಟ್ ಹೋದರೆ ಜನರೇಟರ್ ಎಸಿಗೂ ಬರುತ್ತದಾ, ಬರೀ ಲೈಟಿಗಾ, ಅದನ್ನೂ ಕೇಳಿ. ಜನವರಿಯಲ್ಲಿ ಸೆಕೆ ನಮ್ಮ ಮಂಗಳೂರಿನ ಏಪ್ರಿಲ್ ಥರ.

ಹುಳಿಮಜ್ಜಿಗೆ

ಮೇಲಿನವರು ಹೇಳಿದ ಮೆಟ್ಟಿಲ ವಿಷಯ ನಾನು ಅನುಭವಿಸಿ ಬಂದಿದ್ದೇನೆ 😅

ನಾವು ಅತ್ತೆ ಮಾವನ ಜೊತೆ ಹೋಗಿದ್ದೆವು. ಹೊಟೇಲ್ ಹೆಸರು ಬೇಡ. ಫೋಟೋದಲ್ಲಿ ಚೆಂದದ ಕೆತ್ತನೆ ಮಂಚ, ಸೊಳ್ಳೆಪರದೆ, ಕಿಟಕಿಯಲ್ಲಿ ಸಮುದ್ರ. "ಫ್ಯಾಮಿಲಿ ರೂಮ್, ಸೀ ವ್ಯೂ" ಅಂತ ಹಾಕಿದ್ದರು. ಸಮುದ್ರ ಕಾಣಬೇಕು ಅಂದರೆ ಮೇಲೆ ಇರಲೇಬೇಕು ಅಲ್ವಾ, ಅಷ್ಟು ಬುದ್ಧಿ ನನಗೆ ಓಡಲಿಲ್ಲ. ಹೋಗಿ ನೋಡಿದರೆ ನಾಲ್ಕನೇ ಮಹಡಿ. ನಮ್ಮ ಮಾವ ಎಣಿಸಿದರು, 62 ಮೆಟ್ಟಿಲು. ಹಿಡಿದುಕೊಳ್ಳಲಿಕ್ಕೆ ಕಂಬಿ ಇಲ್ಲ, ಗೋಡೆಗೆ ಕೊಕ್ಕೆ ಹೊಡೆದು ಒಂದು ದಪ್ಪ ಹಗ್ಗ ಬಿಟ್ಟಿದ್ದಾರೆ, ಬಾವಿ ಹಗ್ಗದ ಹಾಗೆ. ಅತ್ತೆ ಮೊದಲ ತಿರುವಿನಲ್ಲೇ ಕೂತುಬಿಟ್ಟರು. "ನೀವು ಹೋಗಿ, ನಾನು ಇಲ್ಲೇ ಇರ್ತೀನಿ" ಅಂದರು. ಮೆಟ್ಟಿಲ ಮೇಲೆ! ಆಮೇಲೆ ರಿಸೆಪ್ಷನ್ ಹುಡುಗನೇ ಪಾಪ ಕೆಳಗೆ ಒಂದು ಸಣ್ಣ ಕೋಣೆ ಖಾಲಿ ಮಾಡಿಸಿ ಕೊಟ್ಟ. ಕಿಟಕಿ ತೆಗೆದರೆ ಓಣಿ, ಎದುರು ಮನೆ ಗೋಡೆ. ಅತ್ತೆಗೆ ಅದೇ ಇಷ್ಟವಾಯಿತು. ಬೆಳಗ್ಗೆ ಎದ್ದು ಕಿಟಕಿ ಹತ್ತಿರ ಕೂತರೆ ಬ್ರೆಡ್ ಮಾರುವವನು ಸೈಕಲ್ ಬೆಲ್ ಹೊಡೆಯುತ್ತಾ ಹೋಗುವುದು, ಮಕ್ಕಳು ಮದರಸಕ್ಕೆ ಹೋಗುವುದು, ಎಲ್ಲ ಕಾಣುತ್ತದೆ. ನಾವು ನಾಲ್ಕನೇ ಮಹಡಿಯಿಂದ ನೋಡಿದ ಸಮುದ್ರ ಎರಡನೇ ದಿನಕ್ಕೇ ಬೇಜಾರಾಯಿತು.

ಮುಂಜಾನೆ ಅಜಾನ್ ಜೋರಾಗಿ ಕೇಳಿಸುತ್ತದೆ, ನಿದ್ದೆ ಸೂಕ್ಷ್ಮ ಇರುವವರು ಕಿವಿಗೆ ಹತ್ತಿ ಇಟ್ಟುಕೊಳ್ಳಿ. ಅದು ಅವರ ಊರು, ನಾವು ನೆಂಟರು.

ಊಟ: ಹೆದರಬೇಡಿ. ಗುಜರಾತಿಗಳು ತಲೆತಲಾಂತರದಿಂದ ಇರುವ ಊರು. ಸಸ್ಯಾಹಾರ ಸಿಗುತ್ತದೆ. ಅಲ್ಲಿಯವರ ಅಡುಗೆಯಲ್ಲೂ ಮಹಾರಾಗೆ ಅಂತ ಇದೆ, ತೆಂಗಿನ ಹಾಲಲ್ಲಿ ಬೇಯಿಸಿದ ಕೆಂಪು ಕಾಳು, ಅನ್ನದ ಜೊತೆ ನಮ್ಮ ಹುರುಳಿಕಾಳು ಸಾರಿನ ತಮ್ಮ ಅನ್ನಬಹುದು. ಚಪಾತಿಗೆ ಅಲ್ಲೂ ಚಪಾತಿ ಅಂತಲೇ ಹೆಸರು, ಚಹಕ್ಕೆ ಚಾಯ್. ಮಾಂಸಕ್ಕೆ ನ್ಯಾಮ, ಮೀನಿಗೆ ಸಮಕಿ, ಮೊಟ್ಟೆಗೆ ಮಾಯಾಯ್. ಈ ಮೂರು ಪದದ ಮೊದಲು "ಬಿಲಾ" ಸೇರಿಸಿ ಹೇಳಿ, ಇಲ್ಲದೆ ಅಂತ ಅರ್ಥ. ಉರೋಜೊ ಅಂತ ಒಂದು ಸಿಗುತ್ತದೆ, ಅರಿಶಿನ ಬಣ್ಣದ ಹುಳಿ ಸಾರು, ಮಾವಿನಕಾಯಿ ಹಾಕಿ ಮಾಡುತ್ತಾರೆ. ಅದರೊಳಗೆ ಭಜಿಯಾ, ಆಲೂಗಡ್ಡೆ, ಮರಗೆಣಸಿನ ಚಿಪ್ಸು. ಮಾಂಸ, ಮೊಟ್ಟೆ ಹಾಕಬೇಡಿ ಅಂತ ಮೊದಲೇ ಹೇಳಬೇಕು. ಶಿರಸಿಯವರು ಅಂದಿರಲ್ಲ, ಅಪ್ಪೆಹುಳಿ ಕುಡಿದು ಬೆಳೆದವರಿಗೆ ಇದು ಹಿಡಿಸುತ್ತದೆ.

ಫೊರೊಧಾನಿ ಪಾರ್ಕಲ್ಲಿ ಸಂಜೆ ಅಂಗಡಿ ಹಾಕುತ್ತಾರೆ, ನೋಡಲಿಕ್ಕೆ ಬಹಳ ಚೆಂದ, ಹುಡುಗರು ಗೋಡೆ ಮೇಲಿಂದ ಪಲ್ಟಿ ಹೊಡೆದು ಸಮುದ್ರಕ್ಕೆ ಹಾರುತ್ತಾರೆ. ಆದರೆ ಮೀನು, ಮಾಂಸ ಸುಡುವ ತವಾ ಮೇಲೇ ಎಲ್ಲ ಮಾಡುವುದು, ಮಡಿ ಜಾಸ್ತಿ ಇರುವ ಹಿರಿಯರಿಗೆ ಕಬ್ಬಿನ ಹಾಲು ಸಾಕು. ಶುಂಠಿ, ನಿಂಬೆ ಹಾಕಿ ಹಿಂಡಿ ಕೊಡುತ್ತಾರೆ.

ಹಾಂ, "ಬ್ರದರ್, ಸಿಸ್ಟರ್, ಫ್ರೆಂಡ್ ಪ್ರೈಸ್" ಅಂತ ಬೆನ್ನು ಹತ್ತುವ ಹುಡುಗರಿದ್ದಾರೆ. ಅವರಿಗೆ ಅಲ್ಲಿಯವರೇ ಇಟ್ಟ ಹೆಸರು ಪಪಾಸಿ. ಅಂದರೆ ಉಣುಗು! ದನದ ಮೈಗೆ ಕಚ್ಚಿಕೊಳ್ಳುತ್ತದಲ್ಲ, ಅದೇ. ಕೆಟ್ಟವರಲ್ಲ, ಆದರೆ ಬಿಡುವುದಿಲ್ಲ. "ಹಪಾನ, ಅಸಾಂತೆ" ಅಂತ ಹೇಳಿ ನಡೆಯುತ್ತಿರಿ, ನಿಲ್ಲಬೇಡಿ.

ಸುಮ್ನಿರಪ್ಪ

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೈಯಬೇಡಿ. ಸ್ಟೋನ್ ಟೌನ್ ಒಂದು ದಿನ ಸಾಕು. ಪೂರ್ತಿ ಊರು ಒಂದು ಗಂಟೆಯಲ್ಲಿ ನಡೆದು ಮುಗಿಸಬಹುದು. ಬಹಳ ಮನೆಗಳು ಬಿದ್ದುಹೋಗುವ ಹಾಗಿವೆ. ಎಲ್ಲ ಪೋಸ್ಟ್‌ಕಾರ್ಡಲ್ಲೂ ಬರುವ ಆ ದೊಡ್ಡ ಬಿಳಿ ಅರಮನೆ, ಬೈತ್ ಅಲ್ ಅಜಾಯಿಬ್, 2020ರ ಡಿಸೆಂಬರಲ್ಲಿ ಒಂದು ಭಾಗ ಕುಸಿದೇ ಬಿತ್ತು, ಕೆಲಸ ಮಾಡುತ್ತಿದ್ದ ಇಬ್ಬರು ಸತ್ತರು. ನಾನು ಹೋದಾಗ ಸುತ್ತ ತಗಡು ಹಾಕಿ ಮುಚ್ಚಿದ್ದರು. ಸೆಕೆ, ಚರಂಡಿ ವಾಸನೆ, ಮೇಲೆ ಪಪಾಸಿ. ಏಳೂ ರಾತ್ರಿ ಬೀಚಲ್ಲಿ ಹಾಕಿ, ಅಪ್ಪನನ್ನು ಒಂದು ದಿನ ಗಾಡಿ ಮಾಡಿ ಕರೆದುಕೊಂಡು ಬನ್ನಿ. ಕೆಂಡ್ವಾದಿಂದ ಒಂದೂವರೆ ಗಂಟೆ ಒಳಗೆ ಬರುತ್ತೀರಿ. ರೂಮ್ ಬದಲಿಸುವ ತಲೆನೋವೂ ಇಲ್ಲ. ವಯಸ್ಸಾದವರ ಜೊತೆ ಎರಡೆರಡು ಸಲ ಪ್ಯಾಕಿಂಗ್ ಮಾಡುವುದು ಅಂದರೆ ಅದೇ ಒಂದು ಪ್ರವಾಸ.

ದಾರ್‌ನಲ್ಲಿರುವ ಕುಡ್ಲದವ

@ಸುಮ್ನಿರಪ್ಪ ಬೈಯುವುದಿಲ್ಲ ಮಾರಾಯ್ರೆ, ಪ್ಯಾಕಿಂಗ್ ಮಾತು ಸರಿ. ಆದರೆ ಮಧ್ಯಾಹ್ನ 11ಕ್ಕೆ ಬಂದು 4ಕ್ಕೆ ಹೋಗುವವರು ಕಾಣುವುದು ಸೆಕೆ ಮತ್ತು ಪಪಾಸಿಯನ್ನೇ. ಆ ಊರು ಇರುವುದು ಬೆಳಗ್ಗೆ ಎಂಟರ ಒಳಗೆ ಮತ್ತು ಸಂಜೆ ಐದರ ಮೇಲೆ. ಮನೆ ಮುಂದೆ ಕಲ್ಲಿನ ಕಟ್ಟೆ ಇರುತ್ತದೆ, ಬರಾಜಾ ಅನ್ನುತ್ತಾರೆ, ನಮ್ಮ ಜಗಲಿಯೇ. ಬಿಸಿಲು ಇಳಿದ ಮೇಲೆ ಮುದುಕರೆಲ್ಲ ಅಲ್ಲಿ ಬಂದು ಕೂತು ಕಾಫಿ ಕುಡಿಯುತ್ತಾರೆ, ಬಾವೊ ಆಡುತ್ತಾರೆ. ಬಾವೊ ಅಂದರೆ ನಮ್ಮ ಚೆನ್ನೆಮಣೆ ಥರದ್ದೇ ಆಟ, ಗುಳಿ ಜಾಸ್ತಿ. ಇವರ ಅಪ್ಪ ಮೇಷ್ಟ್ರು ಅಂದರಲ್ಲ, ಅವರನ್ನು ಒಂದು ಸಂಜೆ ಅಲ್ಲಿ ಕೂರಿಸಿದರೆ ಎಬ್ಬಿಸುವುದೇ ಕಷ್ಟ.

ಅಡಿಕೆಸೋಗೆ

ಎಲ್ಲರಿಗೂ ಬಹಳ ಥ್ಯಾಂಕ್ಸ್. ಮೆಟ್ಟಿಲ ಮೇಲೆ ಕೂತ ಅತ್ತೆಯ ಕಥೆ ಅಮ್ಮನಿಗೆ ಓದಿ ಹೇಳಿದೆ, "ನಾನೂ ಅಷ್ಟೇ ಮಾಡೋದು" ಅಂದರು.

ಇನ್ನೆರಡು ಕೇಳಬೇಕಿತ್ತು. ಒಂದು, ಗುಲಾಮರ ಸಂತೆ ಜಾಗಕ್ಕೆ 8 ವರ್ಷದ ಮಗಳನ್ನು ಕರೆದುಕೊಂಡು ಹೋಗಬಹುದಾ? ಹೆಂಡತಿ ಬೇಡ ಅನ್ನುತ್ತಾಳೆ, ಅಪ್ಪ ಖಂಡಿತ ಬೇಕು ಅನ್ನುತ್ತಾರೆ. ಎರಡು, ಉತ್ತರದ ಬೀಚಾ, ಪೂರ್ವದ್ದಾ?

ಹಳೇಬಾಗಿಲು

ಮೊದಲನೆಯದಕ್ಕೆ ನಾನು ಹೇಳುತ್ತೇನೆ. ನಾನು ಕಟ್ಟಡಗಳ ಸಲುವಾಗಿ ಹೋಗಿದ್ದೆ, ಎರಡು ವಾರ ಇದ್ದೆ.

ಸಂತೆ ಅಂತ ಈಗ ಏನೂ ಉಳಿದಿಲ್ಲ. ಬ್ರಿಟಿಷರ ಒತ್ತಡಕ್ಕೆ ಸುಲ್ತಾನ್ ಬರ್ಗಾಶ್ 1873ರಲ್ಲಿ ಅದನ್ನು ಮುಚ್ಚಿಸಿದ. ಅದೇ ಜಾಗದಲ್ಲಿ ಆಂಗ್ಲಿಕನ್ ಚರ್ಚ್ ಕಟ್ಟಿದರು. ಗುಲಾಮರನ್ನು ಕಟ್ಟಿ ಹೊಡೆಯುತ್ತಿದ್ದ ಮರ ಇದ್ದ ಕಡೆ ಈಗ ಬಲಿಪೀಠ ಇದೆ ಅಂತ ಹೇಳುತ್ತಾರೆ, ನೆಲದಲ್ಲಿ ಗುಂಡಗೆ ಕಲ್ಲು ಹಾಕಿ ಗುರುತು ಮಾಡಿದ್ದಾರೆ. ಒಳಗೆ ಒಂದು ಮರದ ಶಿಲುಬೆ ಇದೆ, ಆಫ್ರಿಕಾ ಸುತ್ತಿದ ಮಿಷನರಿ ಲಿವಿಂಗ್‌ಸ್ಟನ್ ಸತ್ತಾಗ ಅವನ ಹೃದಯವನ್ನು ಯಾವ ಮರದ ಬುಡದಲ್ಲಿ ಹೂಳಿದರೋ ಆ ಮರದ್ದು. ಹೊರಗಡೆ ಅಂಗಳದಲ್ಲಿ ಒಂದು ಗುಂಡಿ. ಅದರೊಳಗೆ ಐದು ಕಲ್ಲಿನ ಮನುಷ್ಯರು, ಕುತ್ತಿಗೆಗೆ ಕಬ್ಬಿಣದ ಪಟ್ಟಿ, ಒಬ್ಬರಿಂದ ಒಬ್ಬರಿಗೆ ಸರಪಳಿ. ಆಕೃತಿಗಳು 1998ರವು, ಸರಪಳಿ ಮಾತ್ರ ಆ ಕಾಲದ್ದೇ. ಅದನ್ನು ಮಗು ನೋಡಬಹುದು, ನೋಡಲಿ. ನಾನಿದ್ದಾಗ ಒಬ್ಬಳು ಹುಡುಗಿ, ಇಷ್ಟೇ ವಯಸ್ಸಿರಬೇಕು, "ಅವರು ಗುಂಡಿಯಿಂದ ಯಾಕೆ ಹತ್ತಿ ಬರುವುದಿಲ್ಲ" ಅಂತ ಕೇಳುತ್ತಿದ್ದಳು. ಕೆಳಗೆ ನೆಲಮಾಳಿಗೆ ಕೋಣೆಗಳಿವೆ, ತಲೆ ಬಗ್ಗಿಸಿ ಇಳಿಯಬೇಕು, ಕತ್ತಲೆ, ಸೂರು ತೀರಾ ತಗ್ಗು. ಅಲ್ಲಿಗೆ ಮಗಳೂ ಬೇಡ, ಅಮ್ಮನ ಮೊಣಕಾಲಿಗೂ ಬೇಡ. ಅಪ್ಪ ಒಬ್ಬರೇ ಇಳಿದು ಬರಲಿ.

ಇನ್ನೊಂದು ಮಾತು, ಅಪ್ಪನಿಗೆ ಗೊತ್ತಿದ್ದರೂ ಇರಬಹುದು. ಅಲ್ಲಿ ಗೈಡ್‌ಗಳು ಅರಬರ ಕಥೆ ಹೇಳುತ್ತಾರೆ, ಬ್ರಿಟಿಷರು ಬಿಡಿಸಿದ ಕಥೆ ಹೇಳುತ್ತಾರೆ. ನಮ್ಮವರ ಕಥೆ ನಾವು ಕೇಳಿದರೆ ಮಾತ್ರ ಹೇಳುತ್ತಾರೆ, ಗಿರಾಕಿಗೆ ಬೇಜಾರಾಗಬಾರದು ಅಂತ ಇರಬೇಕು. ದಂತಕ್ಕೂ ಗುಲಾಮರಿಗೂ ಒಳನಾಡಿಗೆ ಹೋಗುತ್ತಿದ್ದ ವ್ಯಾಪಾರಿ ತಂಡಗಳಿಗೆ ಸಾಲ ಕೊಡುತ್ತಿದ್ದವರಲ್ಲಿ ಕಛ್, ಗುಜರಾತಿನ ಸಾಹುಕಾರರು ದೊಡ್ಡವರು. ಜೈರಾಮ್ ಶಿವಜಿಯ ಪೇಢಿ ಎಷ್ಟೋ ವರ್ಷ ಸುಲ್ತಾನನ ಸುಂಕದ ಗುತ್ತಿಗೆಯನ್ನೇ ಹಿಡಿದಿತ್ತು. ಭಾರತೀಯರ ಮನೆಗಳಲ್ಲೂ ಗುಲಾಮರಿದ್ದರು, 1860ರ ಸುಮಾರಿಗೆ ಬ್ರಿಟಿಷ್ ಕಾನ್ಸಲ್ ರಿಗ್ಬಿ ಅವರನ್ನು ಬಿಡಿಸಿದ. ಊರಿನ ತುಂಬ ನಮ್ಮವರು ಕಟ್ಟಿದ ಚೆಂದದ ಮನೆ ನೋಡುವಾಗ ಇದೂ ನೆನಪಿರಲಿ ಅಂತ ಹೇಳಿದೆ.

ಬಾಗಿಲುಗಳನ್ನು ನೋಡಿ. ನನ್ನ ಹೆಸರೇ ಅದು 🙂 ಮೇಲೆ ಚೌಕಟ್ಟು ನೇರ ಇದ್ದು ಕುರಾನಿನ ಸಾಲು ಕೆತ್ತಿದ್ದರೆ ಅರಬರದ್ದು. ಎಲೆ ಎಲೆಯಾಗಿ ಮಡಚುವ ಬಾಗಿಲು, ಅಂಗಡಿ ಥರ, ಗುಜರಾತಿಗಳದ್ದು. ಮೈತುಂಬ ಹಿತ್ತಾಳೆ ಮೊಳೆ ಹೊಡೆದದ್ದೂ ನಮ್ಮ ಕಡೆಯಿಂದ ಹೋದ ಪದ್ಧತಿ, ಕೋಟೆ ಬಾಗಿಲಿಗೆ ಆನೆ ಹಾಯಬಾರದು ಅಂತ ಹೊಡೆಯುತ್ತಿದ್ದರಲ್ಲ, ಅದು. ಆನೆಯೇ ಇಲ್ಲದ ದ್ವೀಪದಲ್ಲಿ ಆನೆ ತಡೆಯುವ ಮೊಳೆ! ಸುಮ್ನೆ ಶ್ರೀಮಂತಿಕೆ ತೋರಿಸಲಿಕ್ಕೆ.

ಅಂದಹಾಗೆ ಅಲ್ಲಿ 1935ರ ಕೊನೆಯವರೆಗೂ ನಡೆಯುತ್ತಿದ್ದದ್ದು ರೂಪಾಯಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ನಮ್ಮ ಹಂಚು ಪೂರ್ವ ಆಫ್ರಿಕಾಕ್ಕೂ ಹಡಗಲ್ಲಿ ಹೋಗುತ್ತಿತ್ತು. ಕುಡ್ಲದವರೇ, ನಿಮ್ಮ ಕಣ್ಣಿಗೆ ಬಿದ್ದಿರಬೇಕು.

ದಾರ್‌ನಲ್ಲಿರುವ ಕುಡ್ಲದವ

@ಹಳೇಬಾಗಿಲು ಈ ಕರಾವಳಿಯಲ್ಲಿ ಹಳೇ ಕಟ್ಟಡ ಕೆಡವುವಾಗ ಒಂದು ಸಲ ಸಿಕ್ಕಿತ್ತು ಸರ್, ಹಿಂದೆ ಅಚ್ಚೊತ್ತಿದ ಇಂಗ್ಲಿಷ್ ಅಕ್ಷರದಲ್ಲಿ ಮಂಗಳೂರು ಅಂತ ಇತ್ತು. ಒಂದು ಹಂಚು ಕೇಳಿ ಮನೆಗೆ ತಂದಿಟ್ಟುಕೊಂಡಿದ್ದೇನೆ. ಹೆಂಡತಿಗೆ ಅದರ ಮೇಲೆ ಬಿಸಿ ಪಾತ್ರೆ ಇಡುವ ಆಸೆ.

ಎರಡನೇ ಪ್ರಶ್ನೆ, ಬೀಚ್. ಇಲ್ಲಿ ನೋಡಬೇಕಾದ್ದು ಉಬ್ಬರ ಇಳಿತ. ಹುಣ್ಣಿಮೆ ಅಮಾವಾಸ್ಯೆ ಹತ್ತಿರ ನೀರು ಏರಿ ಇಳಿಯುವುದು ಸುಮಾರು 4 ಮೀಟರ್. ಪೂರ್ವದಲ್ಲಿ, ಅಂದರೆ ಪಾಜೆ, ಜಂಬಿಯಾನಿ ಕಡೆ, ನೆಲ ಸಪಾಟು, ದೂರದಲ್ಲಿ ಹವಳದ ದಂಡೆ ಇದೆ. ನೀರು ಇಳಿದರೆ ಸಮುದ್ರವೇ ಎದ್ದು ಹೋದ ಹಾಗೆ, ಒಂದು ಕಿಲೋಮೀಟರ್ ಆಚೆ. ಮಧ್ಯೆ ಬರೀ ಒದ್ದೆ ಮರಳು, ಪಾಚಿ. ಆಗ ಊರಿನ ಹೆಂಗಸರು ಬಂದು ಕಡ್ಡಿ ನೆಟ್ಟು ಹಗ್ಗ ಕಟ್ಟಿ ಕಡಲಪಾಚಿ ಬೆಳೆಸುವುದನ್ನು ನೋಡಬಹುದು, ಮ್ವಾನಿ ಅನ್ನುತ್ತಾರೆ, ನಾಟಿ ಗದ್ದೆಯಲ್ಲಿ ಬಗ್ಗಿ ಕೆಲಸ ಮಾಡಿದ ಹಾಗೇ ಕಾಣುತ್ತದೆ. ನೋಡಲಿಕ್ಕೆ ನನಗೆ ಪೂರ್ವವೇ ಇಷ್ಟ. ಆದರೆ ನಿಮ್ಮ ಮನೆಯವರು ನೀರಿಗೆ ಇಳಿಯಲಿಕ್ಕೆ ಅಂತಲೇ ಬರುವವರು, ಅರ್ಧ ದಿನ ನೀರೇ ಇಲ್ಲ ಅಂದರೆ ನಿಮ್ಮನ್ನು ಸುಮ್ಮನೆ ಬಿಡುತ್ತಾರಾ?

ಉತ್ತರದಲ್ಲಿ, ಕೆಂಡ್ವಾದಲ್ಲಿ, ನೀರು ಅಷ್ಟು ದೂರ ಹೋಗುವುದಿಲ್ಲ. ಯಾವ ಹೊತ್ತಿಗೂ ಇಳಿಯಬಹುದು. ಪಶ್ಚಿಮಕ್ಕೆ ಮುಖ ಮಾಡಿದೆ, ಸೂರ್ಯ ಮುಳುಗುವುದೂ ಕಾಣುತ್ತದೆ. ಪಕ್ಕದ ನುಂಗ್ವಿಯಲ್ಲಿ ಹಾಯಿದೋಣಿ ಕಟ್ಟುವವರಿದ್ದಾರೆ, ನಮ್ಮ ಮಂಜಿ ಕಟ್ಟಿದ ಹಾಗೇ ಮರದಲ್ಲಿ, ಮಗಳಿಗೆ ತೋರಿಸಿ. ಗಲಾಟೆ ಜಾಸ್ತಿ, ಪಾರ್ಟಿ ಇರುತ್ತದೆ, ಅದಕ್ಕೆ ಸ್ವಲ್ಪ ಬದಿಯಲ್ಲಿರುವ ಹೊಟೇಲ್ ನೋಡಿ. ಅಮ್ಮನಿಗೆ ಅಂತ ಹೇಳಿ ರೂಮಿಂದ ಮರಳಿಗೆ ಎಷ್ಟು ಮೆಟ್ಟಿಲು ಅಂತ ಇಲ್ಲೂ ಕೇಳಿ. ಉತ್ತರದಲ್ಲಿ ಕೆಲವು ಕಡೆ ಹೊಟೇಲು ಬಂಡೆ ಮೇಲೆ, ಬೀಚು ಕೆಳಗೆ.

ಇನ್ನು ಟೈಮ್. ಇದು ಯಾರೂ ಹೇಳುವುದಿಲ್ಲ. ಸ್ವಾಹಿಲಿಯಲ್ಲಿ, ಅಂದರೆ ಇಲ್ಲಿಯ ಭಾಷೆಯಲ್ಲಿ, ಗಂಟೆ ಎಣಿಸುವುದು ಸೂರ್ಯ ಹುಟ್ಟಿದ ಮೇಲೆ. ನಮ್ಮ 7 ಗಂಟೆ ಅವರಿಗೆ 1. ನಾನು ಬಂದ ಹೊಸದರಲ್ಲಿ ಡ್ರೈವರ್‌ಗೆ ನನ್ನ ಹರುಕು ಸ್ವಾಹಿಲಿಯಲ್ಲಿ ನಾಳೆ "ಸಾ ತಾತು", ಅಂದರೆ 3 ಗಂಟೆಗೆ ಬಾ ಅಂದೆ. ಪುಣ್ಯಾತ್ಮ ಬೆಳಗ್ಗೆ 9ಕ್ಕೆ ಬಂದು ಹಾರ್ನ್ ಹೊಡೆಯುತ್ತಿದ್ದಾನೆ, ನಾನು ಟವೆಲ್‌ನಲ್ಲಿ! ಅವನದೇ ಸರಿ. ಇಂಗ್ಲಿಷಲ್ಲಿ ಹೇಳಿದರೆ ಗೊಂದಲ ಇಲ್ಲ, ಆದರೂ ಬೆಳಗ್ಗೆಯಾ ಮಧ್ಯಾಹ್ನವಾ ಅಂತ ಸೇರಿಸಿಯೇ ಹೇಳಿ.

ಕಾಗದಪತ್ರ

ಉಳಿಯುವ ಜಾಗಕ್ಕೆ ಸಂಬಂಧ ಇಲ್ಲ, ಆದರೂ ಹೇಳಿಬಿಡುತ್ತೇನೆ, ಹೊಸಬರು ಇಲ್ಲೇ ಎಡವುತ್ತಾರೆ. ವೀಸಾ ಆನ್‌ಲೈನಲ್ಲಿ ಮೊದಲೇ ಮಾಡಿ, ಭಾರತೀಯರಿಗೆ 50 ಡಾಲರ್. ಜಾಂಜಿಬಾರ್‌ಗೆ ಪ್ರತ್ಯೇಕ ವಿಮೆ 2024ರ ಅಕ್ಟೋಬರ್‌ನಿಂದ ಕಡ್ಡಾಯ, ದೊಡ್ಡವರಿಗೆ 44 ಡಾಲರ್. ನಿಮ್ಮ ಬೇರೆ ಟ್ರಾವೆಲ್ ಇನ್ಶೂರೆನ್ಸ್ ಇದ್ದರೂ ಇದನ್ನು ಬಿಡುವ ಹಾಗಿಲ್ಲ. ಸರ್ಕಾರಿ ವೆಬ್‌ಸೈಟಲ್ಲೇ ಮಾಡಿ.

ಹಳದಿ ಜ್ವರದ ಲಸಿಕೆ ಕಾರ್ಡ್ ಇಟ್ಟುಕೊಳ್ಳಿ. ಅಡಿಸ್ ಮೇಲೆ ಹೋಗುತ್ತೀರಲ್ಲ, ಅಲ್ಲಿ 12 ಗಂಟೆಗಿಂತ ಜಾಸ್ತಿ ಕಾಯುವುದಿದ್ದರೆ ತಾಂಜಾನಿಯಾದಲ್ಲಿ ಕೇಳುತ್ತಾರೆ. ವಾಪಸ್ ಬರುವಾಗ ನಮ್ಮಲ್ಲೂ ಕೇಳಬಹುದು. ಹೊರಡುವುದಕ್ಕೆ 10 ದಿನ ಮೊದಲೇ ಆಗಿರಬೇಕು, ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. 60 ದಾಟಿದವರಿಗೆ ಡಾಕ್ಟರ್ ಒಪ್ಪಿಗೆ ಇಲ್ಲದೆ ಹಾಕಿಸಬೇಡಿ. ಮಲೇರಿಯಾ ಮಾತ್ರೆಯನ್ನೂ ಅವರ ಹತ್ತಿರವೇ ಕೇಳಿ. ಪ್ಲಾಸ್ಟಿಕ್ ಕೈಚೀಲ ಅಲ್ಲಿ ನಿಷೇಧ, ಚಪ್ಪಲಿ ಸುತ್ತಿದ ಅಂಗಡಿ ಕವರ್ ಕೂಡ ಮನೆಯಲ್ಲೇ ಬಿಡಿ. ಪ್ಲಗ್ ಇಂಗ್ಲೆಂಡಿನ ಥರ, ಮೂರು ಚಪ್ಪಟೆ ಕಾಲಿನದು.

ಸುಮ್ನಿರಪ್ಪ

ಕೊನೆಗೊಂದು: ಸ್ಪೈಸ್ ಟೂರ್ ಮಾಡಬೇಡಿ. ಕಾಳುಮೆಣಸಿನ ಬಳ್ಳಿ, ಏಲಕ್ಕಿ ಗಿಡ, ಜಾಯಿಕಾಯಿ ತೋರಿಸಿ "ಗೆಸ್ ಗೆಸ್" ಅನ್ನುತ್ತಾರೆ. ಶಿರಸಿಯವರಿಗೆ ದುಡ್ಡು ಕೊಟ್ಟು ಮೆಣಸಿನ ಬಳ್ಳಿ ನೋಡುವ ಕರ್ಮ ಯಾಕೆ?

ಹುಳಿಮಜ್ಜಿಗೆ

@ಸುಮ್ನಿರಪ್ಪ ಅಯ್ಯೋ, ಅದೇ ಅಲ್ವಾ ಮಜಾ! ನಮ್ಮ ಮಾವ ತೀರ್ಥಹಳ್ಳಿಯವರು. ಗೈಡ್ ಬಳ್ಳಿ ತೋರಿಸಿ ಇದೇನು ಅಂತ ಕೇಳಿದ, ಇವರು ಬಳ್ಳಿ ಬುಡ ನೋಡಿ "ಸೊರಗು ರೋಗ ಬಂದಿದೆ, ನೀರು ನಿಲ್ಲಬಾರದು ಅಂತ ಹೇಳು" ಅಂದರು. ನಾನು ಇಂಗ್ಲಿಷಿಗೆ ಮಾಡಿದೆ. ಅವನು ತೋಟದ ಯಜಮಾನನನ್ನೇ ಕರೆದುಕೊಂಡು ಬಂದ. ಅರ್ಧ ಗಂಟೆ ಇಬ್ಬರೂ ಕೈಯಲ್ಲೇ ಮಾತಾಡಿದರು. ಲವಂಗದ ಮರ ಮಾತ್ರ ಅಲ್ಲಿ ನೋಡಬೇಕು, ಒಣಗಲು ಹರಡಿದ ಚಾಪೆ ಪಕ್ಕ ನಿಂತರೆ ಮೂಗು ಕಟ್ಟಿದ್ದು ಬಿಟ್ಟುಹೋಗುತ್ತದೆ. ಹೋಗಿ, ಖಂಡಿತ ಹೋಗಿ. ಅಮ್ಮನಿಗೂ ನೆಲ ಸಪಾಟು. ಏನಾದರೂ ಬಿಡಲೇಬೇಕು ಅಂದರೆ ಪ್ರಿಸನ್ ಐಲ್ಯಾಂಡ್ ಬಿಡಿ, ದೊಡ್ಡ ಆಮೆಗಳಿವೆ ನಿಜ, ಆದರೆ ದೋಣಿಯಿಂದ ಮೊಣಕಾಲುದ್ದ ನೀರಿಗೆ ಇಳಿದು ಹತ್ತಬೇಕು. ಅತ್ತೆ ಅಲ್ಲೂ ಕೂತರು, ದೋಣಿಯಲ್ಲಿ.

ಅಡಿಕೆಸೋಗೆ

ಬುಕ್ ಆಯಿತು. ಶಂಗಾನಿಯಲ್ಲಿ 3 ರಾತ್ರಿ, ಕೆಂಡ್ವಾದಲ್ಲಿ 4.

ಶಂಗಾನಿಯಲ್ಲಿ ಮೂರು ಹೊಟೇಲಿಗೆ ಮೆಟ್ಟಿಲಿನ ಫೋಟೋ ಕೇಳಿದೆ. ಒಬ್ಬರು ಉತ್ತರವೇ ಕೊಡಲಿಲ್ಲ. ಇನ್ನೊಬ್ಬರು ಮತ್ತೆ ಸಮುದ್ರದ ಫೋಟೋನೇ ಕಳಿಸಿದರು. ಮೂರನೆಯ ಹೊಟೇಲಿನ ಹುಡುಗ ವಿಡಿಯೋ ಮಾಡಿ ಕಳಿಸಿದ. ರಸ್ತೆಯಿಂದ ಶುರುಮಾಡಿ, ಒಂದೊಂದು ಮೆಟ್ಟಿಲಿಗೂ ಕಾಲಿಟ್ಟು ತೋರಿಸುತ್ತಾ, ಸ್ವಾಹಿಲಿಯಲ್ಲಿ ಎಣಿಸುತ್ತಾ: ಮೋಜ, ಮ್ಬಿಲಿ ಅಂತಲೋ ಏನೋ, ತಾತು, ನ್ನೆ, ತಾನೊ. ಐದಕ್ಕೆ ಮುಗಿಯಿತು. ಒಂದು ಪಕ್ಕ ಹಗ್ಗವೂ ಇದೆ. ಅಮ್ಮ ಎರಡು ಸಲ ಹಾಕಿಸಿ ನೋಡಿದರು. ಮಗಳು ಈಗ ನಮ್ಮ ಅಪಾರ್ಟ್‌ಮೆಂಟ್ ಮೆಟ್ಟಿಲನ್ನೆಲ್ಲ ಹಾಗೇ ಎಣಿಸಿಕೊಂಡು ಹತ್ತುತ್ತಾಳೆ, ಐದರ ನಂತರ ಗೊತ್ತಿಲ್ಲ, ಮತ್ತೆ ಮೋಜದಿಂದ ಶುರು.

ಅಪ್ಪ ಬಾವೊ ಆಟದ ನಿಯಮ ಹುಡುಕಿಕೊಡು ಅಂತ ಕೂತಿದ್ದಾರೆ. ಕುಡ್ಲದವರೇ, ಚೆನ್ನೆಮಣೆ ಹದಿನಾಲ್ಕು ಗುಳಿ, ಅದಕ್ಕೆ ಎಷ್ಟು?

ದಾರ್‌ನಲ್ಲಿರುವ ಕುಡ್ಲದವ

32. ನಾಲ್ಕು ಸಾಲು, ಎಂಟೆಂಟು. ನಿಯಮ ಬರೆದು ಹೇಳಿದರೆ ತಲೆಗೆ ಹೋಗುವುದಿಲ್ಲ, ಕಟ್ಟೆ ಮೇಲೆ ಕೂತೇ ಕಲಿಯಬೇಕು. ನಾನು 9 ವರ್ಷದಿಂದ ಸೋಲುತ್ತಿದ್ದೇನೆ ಅಂತ ಅವರಿಗೆ ಹೇಳಿ.